ಕಲಾಚಾರ್ಯ ನಂದಲಾಲ ಬಸು

ಬುದ್ಧಿ ಚುರುಕಾಗಲು ಬೇಕಾದ ಸಾಧನಗಳನ್ನು ಎಣಿಸಹೊರಟ ನಮ್ಮ ಪ್ರಾಚೀನರು ದೇಶಾಟನೆಯನ್ನು ಮೊದಲು ಹೇಳಿ, ಪಂಡಿತರ ಮೈತ್ರಿಯನ್ನು ಅದರ ಮಗ್ಗುಲಲ್ಲಿಯೇ ಇರಿಸಿದರು. ಇವೆರಡನ್ನೂ ಜೊತೆಗೂಡಿಸಿದುದು ಅರ್ಥವತ್ತಾಗಿದೆ. ಊರೂರು ತಿರುಗಿದ ಮಾತ್ರಕ್ಕೆ ಯಾರೂ ಬಲ್ಲವರಾಗುವುದಿಲ್ಲ. ಹೋದೆಡೆಯಲ್ಲಿ ಬಲ್ಲವರ ಬಳಿ ಕುಳಿತು, ಅವರು ಕೈಯಾಡಿಸುವ ಬಗೆಯನ್ನು ಕಂಡು, ಕಂಡುದನ್ನು ಮನೆಗೆ ತಂದು ಅರಗಿಸಿಕೊಂಡಾಗಲೇ ದೇಶಾಟನೆ ವಿದ್ಯೆಯಾಗುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಅಂಜಿಕೆಯೂ ನಮ್ಮಲ್ಲಿ ಬಹುಕಾಲದಿಂದ ಇದೆ. ಪರದೇಶದ ವಿದ್ಯೆಯ ರುಚಿ ಕಂಡವನು ತನ್ನತನವನ್ನು ಅಲ್ಲಿಯೇ ಬಿಟ್ಟು ಬರುತ್ತಾನೆ ಎಂಬುದೇ ಆ ಅಂಜಿಕೆ. ಈ ಶತಮಾನಗಳ ಸಂದೇಹ ಚಿತ್ರಕಲೆಯ ಕ್ಷೇತ್ರದಲ್ಲಿ ಕಳೆದ ಶತಮಾನದ ಆದಿಭಾಗದಲ್ಲಿ ಉರಿಯುವ ಪ್ರಶ್ನೆಯಾಗಿ ನಿಂತಿತು. ಅದಕ್ಕೆ ವಾದದಿಂದಲ್ಲ, ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟ ಮಹನೀಯರು ಕಲಾಚಾರ್ಯ ನಂದಲಾಲ ಬಸು ಅವರು. ನಂದಲಾಲ ಬೋಸ್ ಎಂಬ ಹೆಸರಿನಿಂದ ನಮ್ಮಲ್ಲಿ ಪ್ರಸಿದ್ಧರಾದ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಸ್ಮರಿಸಲಾಗಿದೆ.

ಜನನ ಮತ್ತು ಬಾಲ್ಯ

ನಂದಲಾಲರು ಜನಿಸಿದುದು 1882ನೆಯ ಡಿಸೆಂಬರ್ 3ರಂದು, ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ಮನೆತನ ಬಂಗಾಳದ್ದು. ತಂದೆ ಪೂರ್ಣಚಂದ್ರ ಬಸು ದರ್ಭಾಂಗಾ ಸಂಸ್ಥಾನದ ಸೇವೆಯಲ್ಲಿದ್ದವರು. ತಾಯಿ ಕ್ಷೇತ್ರಮಣಿದೇವಿ ಕೈಗೆ ಸಿಕ್ಕಿದ ವಸ್ತುವಿನಿಂದಲೇ ಮಕ್ಕಳಿಗೆ ಗೊಂಬೆ ಮಾಡಿಕೊಡುವ ಜಾಣೆ. ಆ ತಾಯಿ ಮಗನ ಎಂಟನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಆದರೆ ಆಕೆಯ ಬೆರಳ ಜಾಣ್ಮೆ ಮಗನಿಗೆ ಬಳುವಳಿಯಾಗಿ ಉಳಿಯಿತು. ಊರಿನಲ್ಲಿ ಮೂರ್ತಿ ಮಾಡುವ ಕುಂಬಾರರ ಬಳಿ ಬಾಲಕನು ನೋಡುತ್ತ ನಿಲ್ಲುತ್ತಿದ್ದನು. ಮನೆಗೆ ಬಂದು ತಾನೂ ಮಣ್ಣು ಕಲಸುತ್ತಿದ್ದನು. ಮುಂದೆ ಜಗತ್ತಿನ ಹಲವು ಗುರುಗಳಿಂದ ಕಲಿತ ಈ ಮಹಾಕಲಾವಿದನಿಗೆ ತಾಯಿಯೂ ಊರ ಕುಂಬಾರರೂ ಮೊದಲ ಗುರುಗಳೆಂಬುದನ್ನು ಮರೆಯಲಾಗದು.

ಹದಿಹರೆಯದಲ್ಲಿ ಓದಿಗಾಗಿ ಕಲ್ಕತ್ತೆಗೆ ಬಂದ ನಂದಲಾಲರು 1902ರಲ್ಲಿ ಪ್ರವೇಶ ಪರೀಕ್ಷೆಯನ್ನು ದಾಟಿದರು. ಆ ಬಳಿಕದ ಕಾಲೇಜು ವಿದ್ಯೆ ಅವರಿಗೆ ಒಲಿಯಲಿಲ್ಲ. ವಾಣಿಜ್ಯವನ್ನು ಕಲಿಯಲೆಂದು ಸೇರಿಸಿದರೂ ಮನಸ್ಸು ಚಿತ್ರದಲ್ಲಿಯೇ ನೆಟ್ಟಿತ್ತು. 1903ರಲ್ಲಿ ಸುಧೀರಾದೇವಿಯವರೊಡನೆ ವಿವಾಹವಾಗಿತ್ತು. ಸಂಸಾರ ತಲೆಯ ಮೇಲಿದ್ದಾಗ ಓದಿನಲ್ಲಿ ಸೋತ ತರುಣನು ಚಿತ್ರಗಾರನಾಗುತ್ತೇನೆಂದರೆ ಬಂಧುಗಳಿಗೆ ಎಷ್ಟು ಕಳವಳವಾಗಿರಬಹುದೆಂಬುದನ್ನು ಊಹಿಸಬಹುದು. ಆದರೂ 1905ರಲ್ಲಿ ಅವರು ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿಗೆ ಹೋಗಿ ಶಿಷ್ಯವೃತ್ತಿಯನ್ನು ಬೇಡಿದರು. ತಾವು ಬರೆದ ಚಿತ್ರಗಳೇ ಅವರ ಅರ್ಹತಾಪತ್ರಗಳು. ಗುರುಗಳು ಅವನ್ನು ಕಂಡು ಶಿಷ್ಯನನ್ನು ಅಂಗೀಕರಿಸಿದರು.

ಗುರುಕುಲಕ್ಕೆ ಬಂದಿದ್ದ ಅತಿಥಿಗಳು

ಅಂದಿನ ಕಲಾಶಾಲೆಗಳ ಸ್ಥಿತಿಯನ್ನು ಇಲ್ಲಿ ತಿಳಿಯಬೇಕು. ಯುರೋಪಿನ ಪ್ರತಿಮೆಗಳ ಅಚ್ಚುಗಳನ್ನು ಮುಂದಿಟ್ಟುಕೊಂಡು ಅವನ್ನು ಯಥಾವತ್ತಾಗಿ ಬರೆಯುವುದೇ ಆಗ ವಿದ್ಯೆಯೆನಿಸಿತ್ತು. ಕಲಾಶಾಲೆಯ ಮುಖ್ಯಸ್ಥರಾಗಿದ್ದ ಇ. ಬಿ. ಹ್ಯಾವೆಲ್ ಅವರು ಆಂಗ್ಲರಾಗಿದ್ದರೂ ಈ ಕ್ರಮವನ್ನು ಒಪ್ಪದೆ, ಭಾರತದ ವಿದ್ಯಾರ್ಥಿಗಳಿಗೆ ಭಾರತದ ಕಲೆಯೇ ಬುನಾದಿಯಾಗಬೇಕೆಂದು ಹಟ ಹಿಡಿದರು. ಅವನೀಂದ್ರನಾಥರು ಈ ಕಾರ್ಯದಲ್ಲಿ ಅವರಿಗೆ ಬಲಗೈಯಾದರು.

ಇದೇ ಸಮಯಕ್ಕೆ ಪೂರ್ವದಿಕ್ಕಿನಿಂದಲೂ ಗಾಳಿ ಬೀಸಿತು. ಜಪಾನಿನ ಕಲಾಚಿಂತಕ ಒಕಾಕುರಾ ಕಾಕುಜೋ ಅವರು 1902ರಲ್ಲಿ ಕಲ್ಕತ್ತೆಗೆ ಬಂದು ಠಾಕೂರ ಮನೆತನದ ಸ್ನೇಹ ಸಂಪಾದಿಸಿದರು. ಮರುವರ್ಷ ಅವರ ಶಿಷ್ಯವರ್ಗಕ್ಕೆ ಸೇರಿದ ಯೊಕೊಯಾಮಾ ತೈಕಾನ್ ಮತ್ತು ಹಿಷಿದಾ ಷುನ್ಸೋ ಎಂಬ ಇಬ್ಬರು ತರುಣ ಚಿತ್ರಕಾರರು ಬಂದು ಕೆಲಕಾಲ ನೆಲೆಸಿದರು. ಅವರು ಭಾರತದ ದೇವತೆಗಳ ಕಥೆಗಳನ್ನು ಕೇಳಿ ಚಿತ್ರಿಸಿದರು. ಅವನೀಂದ್ರರು ಅವರ ಪಕ್ಕದಲ್ಲಿ ಕುಳಿತು ಕುಂಚದ ನಡೆಯನ್ನು ಗಮನಿಸಿದರು. ತೈಕಾನರು ಚಿತ್ರದ ಮೇಲೆ ಒದ್ದೆ ಕುಂಚವನ್ನು ಹಗುರವಾಗಿ ಆಡಿಸುವುದನ್ನು ಕಂಡ ಅವನೀಂದ್ರರು ಒಂದು ಹೆಜ್ಜೆ ಮುಂದೆ ಹೋಗಿ, ಬಣ್ಣ ಹಚ್ಚಿದ ಕಾಗದವನ್ನೇ ನೀರಿನಲ್ಲಿ ಅದ್ದಿ ತೆಗೆದು, ಒಣಗಿಸಿ, ಮತ್ತೆ ಬಣ್ಣವಿಡುವ ಕ್ರಮವನ್ನು ರೂಢಿಸಿದರು. ವಾಷ್ ಪದ್ಧತಿಯೆಂದು ಹೆಸರಾದುದು ಇದೇ. ಮಂಜು ಮುಸುಕಿದಂತಹ ಮೃದುವಾದ ಆ ವರ್ಣಕಾಂತಿ ಬಂಗಾಳದ ಹೊಸ ಚಿತ್ರಕಲೆಯ ಗುರುತಾಯಿತು. ನಂದಲಾಲರು ಶಿಷ್ಯರಾಗುವ ವೇಳೆಗೆ ಗುರುವಿನ ಕೈಯಲ್ಲಿ ಈ ಪದ್ಧತಿ ನೆಲೆಗೊಂಡಿತ್ತು. ಹೀಗಾಗಿ ಅವರು ಸಮುದ್ರವನ್ನು ದಾಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಸಮುದ್ರದಾಚೆಯ ವಿದ್ಯೆ ಅವರ ಗುರುಕುಲದ ಬಾಗಿಲಿಗೆ ಬಂದು ನಿಂತಿತ್ತು.

ಬಹುಮಾನದ ಹಣ ಮತ್ತು ಅಜಂತೆಯ ವಾಸ

1907ರಲ್ಲಿ ಪ್ರಾಚ್ಯಕಲಾಸಂಘವು ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಪ್ರದರ್ಶನದಲ್ಲಿ ನಂದಲಾಲರ ಶಿವ-ಸತಿಯರ ಚಿತ್ರಕ್ಕೆ 500 ರೂಪಾಯಿಗಳ ಬಹುಮಾನ ಬಂದಿತು. ಅಂದಿನ ದಿನಮಾನದಲ್ಲಿ ಅದು ಸಣ್ಣ ಮೊತ್ತವಲ್ಲ. ಸಂಸಾರವಂತನಾದ ತರುಣನು ಅದನ್ನು ಕೂಡಿಟ್ಟಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ನಂದಲಾಲರು ಆ ಹಣವನ್ನು ಯಾತ್ರೆಗೆ ವಿನಿಯೋಗಿಸಿದರು. ದೇಶದ ಪುಣ್ಯಕ್ಷೇತ್ರಗಳನ್ನೂ ಪ್ರಾಚೀನ ಕಲಾಸ್ಥಾನಗಳನ್ನೂ ಸುತ್ತಿ, ಶಿಲ್ಪಗಳ ಮುಂದೆ ನಿಂತು, ಬರೆದುಕೊಂಡರು. ದಾನಿಗಳು ಕೊಟ್ಟ ಒಂದು ಬಹುಮಾನ ಹೇಗೆ ಒಬ್ಬ ಕಲಾವಿದನ ಕಣ್ಣನ್ನು ತೆರೆಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

1909ರ ಚಳಿಗಾಲದಲ್ಲಿ ಲೇಡಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆ ಅಜಂತೆಯ ಗುಹಾಚಿತ್ರಗಳ ಪ್ರತಿಗಳನ್ನು ತೆಗೆಯಲು ಬಂದರು. ಸೋದರಿ ನಿವೇದಿತೆಯವರ ಪ್ರೇರಣೆಯಿಂದ ನಂದಲಾಲರೂ ಅಸಿತಕುಮಾರ ಹಾಲದಾರರೂ ಅವರ ನೆರವಿಗೆ ಹೋದರು. ಇದೇ ಕಾರ್ಯದಲ್ಲಿ ಕೈಜೋಡಿಸಿದ ಮತ್ತೊಬ್ಬರು ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು. ಅರಮನೆಯ ಚಿತ್ರಗಾರರ ವಂಶದಲ್ಲಿ 1886ರಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ, ಅವನೀಂದ್ರರ ಶಿಷ್ಯರಾಗಿ ನಂದಲಾಲರ ಸಹಪಾಠಿಯಾದ ಈ ಕನ್ನಡಿಗರನ್ನು ನೆನೆದಾಗ, ಆ ಗುಹೆಗಳ ಅರೆಗತ್ತಲೆಯಲ್ಲಿ ನಡೆದ ಅಧ್ಯಯನದಲ್ಲಿ ನಮ್ಮ ನಾಡಿಗೂ ಪಾಲು ಸಂದಿದೆಯೆಂಬ ಅಭಿಮಾನ ಮೂಡುತ್ತದೆ.

ಅಜಂತೆಯಲ್ಲಿ ನಂದಲಾಲರು ಕಂಡುದು ಮಂಜಿನ ಮುಸುಕನ್ನಲ್ಲ, ರೇಖೆಯ ಬಲವನ್ನು. ತೋಳಿನ ಬಾಗನ್ನೂ ಕಣ್ಣಿನ ನೋಟವನ್ನೂ ಒಂದೇ ಎಳೆತದಲ್ಲಿ ಮೂಡಿಸಿದ ಹೆಸರಿಲ್ಲದ ಆ ಕಲೆಗಾರರ ಕೈಯನ್ನು ಅನುಸರಿಸುತ್ತ ಅನುಸರಿಸುತ್ತ ಅವರ ಕೈಗೂ ಧೈರ್ಯ ಬಂದಿತು. ಮುಂದೆ 1921ರಲ್ಲಿ ಗ್ವಾಲಿಯರ್ ಸಂಸ್ಥಾನದ ಬಾಘ್ ಗುಹೆಗಳಲ್ಲಿಯೂ ಅವರು ಇಂತಹುದೇ ಪ್ರತಿಕಾರ್ಯವನ್ನು ಮಾಡಿದರು. ಪರದೇಶಕ್ಕೆ ಹೋಗುವ ಮುನ್ನ ತನ್ನ ಮನೆಯ ಭಂಡಾರದಲ್ಲಿ ಏನಿದೆಯೆಂದು ಎಣಿಸಿಕೊಂಡ ಯಾತ್ರಿಕರು ಅವರು.

ಮೂರು ಕಡ್ಡಿಗಳ ಪಾಠ

1912ರಲ್ಲಿ ಒಕಾಕುರಾ ಅವರು ಎರಡನೆಯ ಸಲ ಕಲ್ಕತ್ತೆಗೆ ಬಂದಾಗ ನಂದಲಾಲರಿಗೆ ಅವರ ಸಾನ್ನಿಧ್ಯ ದೊರೆಯಿತು. ಆಗ ಒಕಾಕುರಾ ಅವರು ಮೂರು ಬೆಂಕಿಕಡ್ಡಿಗಳನ್ನು ತ್ರಿಕೋನವಾಗಿ ಜೋಡಿಸಿ ಕಲೆಯ ತತ್ತ್ವವನ್ನು ವಿವರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಒಂದು ಕಡ್ಡಿ ಪ್ರಕೃತಿ, ಒಂದು ಪರಂಪರೆ, ಮತ್ತೊಂದು ಕಲಾವಿದನ ಸ್ವಂತಿಕೆ. ಪ್ರಕೃತಿಯೊಂದನ್ನೇ ನೆಚ್ಚಿದರೆ ಕಲೆ ಬರಿಯ ನಕಲಾಗುತ್ತದೆ; ಪರಂಪರೆಯೊಂದನ್ನೇ ಹಿಡಿದರೆ ಜಡವಾಗುತ್ತದೆ; ಸ್ವಂತಿಕೆಯೊಂದನ್ನೇ ಮೆರೆಸಿದರೆ ಉನ್ಮಾದವಾಗುತ್ತದೆ; ಮೂರೂ ಕೂಡಿದಾಗಲೇ ಆಕೃತಿ ನಿಲ್ಲುತ್ತದೆ ಎಂಬುದು ಆ ಪಾಠದ ಸಾರ. ಮರುವರ್ಷವೇ ಒಕಾಕುರಾ ಕಾಲವಾದರು. ಆದರೆ ಆ ಮೂರು ಕಡ್ಡಿಗಳು ನಂದಲಾಲರ ಬೋಧನೆಯಲ್ಲಿ ಕೊನೆಯವರೆಗೂ ಉಳಿದವು. ನಮ್ಮ ಶಾಸ್ತ್ರಕಾರರು ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳೆಂದು ಚಿತ್ರದ ಆರು ಅಂಗಗಳನ್ನು ಹೇಳಿದ್ದಾರೆ. ಅವನೀಂದ್ರರು ಈ ಷಡಂಗಗಳನ್ನು ಕುರಿತು ಗ್ರಂಥವನ್ನೇ ಬರೆದರು. ಗುರುವಿನ ಷಡಂಗವೂ ಅತಿಥಿಯ ತ್ರಿಕೋನವೂ ನಂದಲಾಲರಲ್ಲಿ ವಿರೋಧವಿಲ್ಲದೆ ನೆಲೆಸಿದವು.

ಆರಾಯ್ ಕಾಂಪೋ ಅವರ ಸಹವಾಸ

1916ರಲ್ಲಿ ರವೀಂದ್ರನಾಥ ಠಾಕೂರರು ಜಪಾನಿಗೆ ಹೋದರು. ತೈಕಾನರ ಮನೆಯಲ್ಲಿಯೂ ಯೊಕೊಹಾಮಾದ ಹಾರಾ ಎಂಬ ಕಲಾಪೋಷಕ ವರ್ತಕರ ಉದ್ಯಾನಗೃಹದಲ್ಲಿಯೂ ತಂಗಿ, ಅಲ್ಲಿನ ದೊಡ್ಡ ಚಿತ್ರಗಳನ್ನು ಕಂಡರು. ಬಂಗಾಳದ ನಮ್ಮ ಚಿತ್ರಕಾರರು ಮನೆಯ ಮೂಲೆಯಲ್ಲಿ ಕುಳಿತು ಪುಟ್ಟ ಪುಟ್ಟ ಚಿತ್ರಗಳನ್ನೇ ಬರೆಯುತ್ತಿದ್ದಾರೆ, ಅವರು ಇಲ್ಲಿಗೆ ಬಂದು ಇದನ್ನೆಲ್ಲ ಕಾಣಬೇಕಿತ್ತು ಎಂಬ ಹಂಬಲ ಅವರನ್ನು ಕಾಡಿತು. ಮನೆಗೆ ಬರೆದ ಕಾಗದಗಳಲ್ಲಿ ಆ ಹಂಬಲವನ್ನು ತೋಡಿಕೊಂಡರು. ಶಿಷ್ಯರು ಬರಲಾಗದಿದ್ದರೆ ಗುರುವನ್ನೇ ಕಳುಹಬೇಕೆಂದು ಬಗೆದು, ಆರಾಯ್ ಕಾಂಪೋ ಎಂಬ ಚಿತ್ರಕಾರರನ್ನು ಕಲ್ಕತ್ತೆಗೆ ಆಹ್ವಾನಿಸಿದರು.

ಕಾಂಪೋ ಅವರು ಸುಮಾರು ಎರಡು ವರ್ಷ ಭಾರತದಲ್ಲಿದ್ದು, ಜೋಡಾಸಾಂಕೋ ಮನೆಯ ವಿಚಿತ್ರಾ ಸಭೆಯಲ್ಲಿ ಕುಂಚವಿದ್ಯೆಯನ್ನು ಕಲಿಸಿದರು. ನಂದಲಾಲರಿಗೂ ಅವರಿಗೂ ಗಾಢವಾದ ಸ್ನೇಹ ಬೆಳೆಯಿತು. ಇಬ್ಬರೂ ಕೂಡಿ ಪುರಿ, ಕೋಣಾರ್ಕಗಳಿಗೆ ಹೋದರು. ಮಸಿಯನ್ನು ಕಲ್ಲಿನ ಮೇಲೆ ತೇಯುವ ಬಗೆ, ಕುಂಚವನ್ನು ನೆಟ್ಟಗೆ ಹಿಡಿಯುವ ಬಗೆ, ಮಣಿಕಟ್ಟಿನಿಂದಲ್ಲದೆ ಇಡಿಯ ತೋಳಿನಿಂದ ಗೆರೆಯನ್ನೆಳೆಯುವ ಬಗೆ, ಇವೆಲ್ಲ ಕೈಯಿಂದ ಕೈಗೆ ಬರಬೇಕಾದ ವಿದ್ಯೆಗಳು; ಗ್ರಂಥದಿಂದ ಬರುವಂತಹವಲ್ಲ. ಕಾಂಪೋ ಅವರೂ ಬರಿಗೈಯಲ್ಲಿ ಮರಳಲಿಲ್ಲ. ಅವರು ಅಜಂತೆಗೆ ಹೋಗಿ, ತಮ್ಮ ದೇಶದವರೊಡನೆ ಅಲ್ಲಿನ ಚಿತ್ರಗಳ ಪ್ರತಿಗಳನ್ನು ಸಿದ್ಧಪಡಿಸಿ ಜಪಾನಿಗೆ ಕೊಂಡೊಯ್ದರು. ತೋಕಿಯೋ ನಗರದಲ್ಲಿ ಇರಿಸಿದ್ದ ಆ ಪ್ರತಿಗಳು 1923ರ ಮಹಾಭೂಕಂಪದಲ್ಲಿ ಬೆಂಕಿಗೆ ಆಹುತಿಯಾದುದು ವಿಷಾದದ ಸಂಗತಿ. ಕಾಗದ ಸುಟ್ಟಿತು, ಕಲಿತ ಕೈ ಉಳಿಯಿತು. ವಿದ್ಯಾವಿನಿಮಯದ ನಿಜವಾದ ಲಾಭ ಎಲ್ಲಿರುತ್ತದೆ ಎಂಬುದನ್ನು ಈ ಘಟನೆ ಸೂಚಿಸುತ್ತದೆ.

ಚೀನಾ ಮತ್ತು ಜಪಾನ್ ಯಾತ್ರೆ

1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನ ಆರಂಭವಾಯಿತು. ರವೀಂದ್ರರು ನಂದಲಾಲರನ್ನು ಕರೆದರು. ಅವನೀಂದ್ರರು ತಮ್ಮ ಪ್ರಿಯಶಿಷ್ಯನನ್ನು ಕಲ್ಕತ್ತೆಗೆ ಮರಳಿ ಕರೆಸಿಕೊಂಡರು. ಗುರುವಿನ ಮಾತನ್ನು ಮೀರಲಾರದೆ, ಬಯಲಿನ ಕರೆಯನ್ನು ಮರೆಯಲಾರದೆ ನಂದಲಾಲರು ಪಟ್ಟ ಸಂಕಟ ಸಾಮಾನ್ಯವಾದುದಲ್ಲ. ಕೊನೆಗೆ ಗುರುವಿನ ಸಮ್ಮತಿಯಿಂದಲೇ ಶಾಂತಿನಿಕೇತನಕ್ಕೆ ಬಂದು ನೆಲೆಸಿ, ಕಲಾಭವನದ ಹೊಣೆಯನ್ನು ಹೊತ್ತರು.

1924ರಲ್ಲಿ ರವೀಂದ್ರರಿಗೆ ಚೀನಾದಿಂದ ಆಹ್ವಾನ ಬಂದಿತು. ಅವರು ತಮ್ಮೊಡನೆ ಪಂಡಿತ ಕ್ಷಿತಿಮೋಹನ ಸೇನ್, ಇತಿಹಾಸಜ್ಞ ಕಾಳಿದಾಸ ನಾಗ್, ಗ್ರಾಮೋದ್ಧಾರ ಕಾರ್ಯದ ಎಲ್ಮ್‌ಹರ್ಸ್ಟ್ ಮತ್ತು ಚಿತ್ರಕಾರ ನಂದಲಾಲರನ್ನು ಕರೆದೊಯ್ದರು. ಮಾರ್ಚ್ ತಿಂಗಳಲ್ಲಿ ಕಲ್ಕತ್ತೆಯಿಂದ ಹೊರಟ ಈ ತಂಡ ಬರ್ಮಾ, ಮಲಯಗಳನ್ನು ಹಾಯ್ದು ಏಪ್ರಿಲ್ 12ರಂದು ಷಾಂಘೈ ರೇವನ್ನು ಮುಟ್ಟಿತು. ಹಾಂಗ್‌ಚೌ ಸರೋವರ, ನಾನ್‌ಕಿಂಗ್, ಪೀಕಿಂಗ್ ನಗರಗಳನ್ನು ಅವರು ಕಂಡರು. ಪೀಕಿಂಗಿನ ಅರಮನೆಯನ್ನೂ ಅಲ್ಲಿನ ಚಿತ್ರಕಾರರನ್ನೂ ಕಾಣುವ ಅವಕಾಶ ನಂದಲಾಲರಿಗೆ ಒದಗಿತು. ಬೌದ್ಧಶಿಲ್ಪಗಳಿಂದ ತುಂಬಿದ ಲುಂಗ್‌ಮೆನ್ ಗುಹೆಗಳ ಮುಂದೆ ನಿಂತಾಗ, ಅಜಂತೆಯಲ್ಲಿ ಕೈ ಪಳಗಿಸಿಕೊಂಡಿದ್ದ ಅವರಿಗೆ ಅದು ಪರದೇಶವೆನಿಸಿರಲಾರದು. ನಮ್ಮ ನೆಲದಿಂದ ಹೊರಟ ಒಂದು ಭಾವ ಮರುಭೂಮಿಗಳನ್ನು ದಾಟಿ, ಬೇರೊಂದು ಜನಾಂಗದ ಮುಖಚರ್ಯೆಯನ್ನು ಧರಿಸಿ ಅಲ್ಲಿ ಕುಳಿತಿತ್ತು.

ಆದರೆ ಆ ಯಾತ್ರೆ ಹಾರತುರಾಯಿಗಳದು ಮಾತ್ರವಾಗಿರಲಿಲ್ಲ. ಚೀನಾದ ತರುಣರಲ್ಲಿ ಅನೇಕರು ರವೀಂದ್ರರ ಉಪನ್ಯಾಸಗಳನ್ನು ಪ್ರತಿಭಟಿಸಿ ಕರಪತ್ರಗಳನ್ನು ಹಂಚಿದರು. ಹಳೆಯ ಸಂಸ್ಕೃತಿಯ ಕೊಂಡಾಟದಿಂದ ತಮ್ಮ ದೇಶ ಮತ್ತಷ್ಟು ದುರ್ಬಲವಾಗುತ್ತದೆ, ತಮಗೆ ಬೇಕಾದುದು ಹೊಸ ವಿಜ್ಞಾನ ಮತ್ತು ಹೊಸ ಬಲ ಎಂಬುದು ಅವರ ವಾದ. ಹಳೆಯದನ್ನು ಹಿಡಿದರೆ ಹಿಂದುಳಿಯುತ್ತೇವೆ, ಹೊಸದನ್ನು ಹಿಡಿದರೆ ಬುಡ ಕಳೆದುಕೊಳ್ಳುತ್ತೇವೆ ಎಂಬ ಏಷ್ಯಾ ಖಂಡದ ದೊಡ್ಡ ಇಕ್ಕಟ್ಟನ್ನು ನಂದಲಾಲರು ಅಲ್ಲಿ ಹತ್ತಿರದಿಂದ ಕಂಡರು. ಮೇ ತಿಂಗಳ ಕೊನೆಯಲ್ಲಿ ತಂಡ ಜಪಾನಿಗೆ ಹೊರಟಿತು. ತಮ್ಮ ಗುರುವಿನ ಅತಿಥಿಗಳ ನಾಡನ್ನು ಇಪ್ಪತ್ತು ವರ್ಷಗಳ ತರುವಾಯ ಶಿಷ್ಯನು ಕಂಡಂತಾಯಿತು.

ತಂದುದು ಏನು?

ಮರಳುವಾಗ ನಂದಲಾಲರು ಕಲಾಭವನಕ್ಕಾಗಿ ಕಲ್ಲುಕೆತ್ತನೆಗಳ ಮೇಲೆ ಕಾಗದವಿಟ್ಟು ಮಸಿಯಿಂದ ತೆಗೆದ ಅಚ್ಚುಗಳನ್ನು ಸಂಗ್ರಹಿಸಿ ತಂದರು. ಆದರೆ ಪೆಟ್ಟಿಗೆಯಲ್ಲಿ ತಂದುದಕ್ಕಿಂತ ಕಣ್ಣಿನಲ್ಲಿ ತಂದುದು ಹೆಚ್ಚಿನದು. ಒಂದು ಗೆರೆಯ ದಪ್ಪ ತೆಳುವುಗಳಿಂದಲೇ ಬಿದಿರು, ಹಕ್ಕಿ, ಬಂಡೆಗಳಿಗೆ ಜೀವ ಬರುವುದನ್ನೂ, ಬರೆಯದೆ ಬಿಟ್ಟ ಬಿಳಿಯ ಜಾಗವೂ ಚಿತ್ರದ ಭಾಗವೇ ಆಗುವುದನ್ನೂ ಅವರು ಅದರ ತವರಿನಲ್ಲಿಯೇ ಕಂಡು ಬಂದರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬಂಗಾಳದ ವಾಷ್ ಪದ್ಧತಿಗೆ ಪ್ರೇರಣೆ ಕೊಟ್ಟುದು ಜಪಾನೇ. ಕಾಲಕ್ರಮದಲ್ಲಿ ಆ ಪದ್ಧತಿ ಅನುಕರಿಸುವವರ ಕೈಯಲ್ಲಿ ಸವೆದು, ಎಲ್ಲ ಚಿತ್ರಗಳೂ ಒಂದೇ ಮಬ್ಬಿನಲ್ಲಿ ತೇಲುವಂತಾಗಿತ್ತು. ಆ ಮಬ್ಬಿನಿಂದ ಹೊರಬರುವ ದಾರಿಯನ್ನು ತೋರಿಸಿದವುಗಳಲ್ಲಿಯೂ ಜಪಾನ್ ಮತ್ತು ಚೀನಾಗಳ ಕುಂಚರೇಖೆ ಒಂದು. ದೂರದಿಂದ ಕಂಡುದು ಮಬ್ಬನ್ನು ಕೊಟ್ಟಿತು. ಹತ್ತಿರದಿಂದ ಕಂಡುದು ರೇಖೆಯನ್ನು ಕೊಟ್ಟಿತು. ಈ ಬದಲಾವಣೆ ಅಜಂತೆಯಲ್ಲಿಯೇ ಮೊಳೆತು ಕಾಂಪೋ ಅವರ ಸಹವಾಸದಲ್ಲಿ ಚಿಗುರಿತ್ತು. ಯಾತ್ರೆಯ ಬಳಿಕ ಅದು ಬಲಿತಿತು.

ಯಾತ್ರೆಯಿಂದ ಬಂದವರು ಚೀನಾದ ಬೆಟ್ಟಗಳನ್ನು ಬರೆಯುತ್ತ ಕೂರಲಿಲ್ಲ. ಶಾಂತಿನಿಕೇತನದ ಸುತ್ತಣ ಕೆಂಪುಮಣ್ಣಿನ ಕೊರಕಲುಗಳು, ತಾಳೆಯ ಮರಗಳು, ಸಂತಾಲ ಜನರ ನಡೆನುಡಿ, ಮೇಯುವ ಆಡು, ಗೊಬಲಿಯ ಮರ, ಇವು ಅವರ ಕುಂಚಕ್ಕೆ ಬಂದವು. ಪ್ರವಾಸಕ್ಕೆ ಹೋದಾಗಲೂ ಅವರ ಕೈಯಲ್ಲಿ ಅಂಚೆಕಾರ್ಡುಗಳಿರುತ್ತಿದ್ದವು. ಕಂಡುದನ್ನು ನಾಲ್ಕು ಗೆರೆಗಳಲ್ಲಿ ಬರೆದು ಶಿಷ್ಯರಿಗೂ ಮಕ್ಕಳಿಗೂ ಕಳುಹುತ್ತಿದ್ದರು. ಪರದೇಶದ ಕುಂಚ ಅವರಿಗೆ ತಮ್ಮ ಊರನ್ನೇ ಹೊಸದಾಗಿ ತೋರಿಸಿತು.

ಎಲ್ಲರಿಗೂ ತೆರೆದ ಕಲಾಭವನ

ತಾವು ಪಡೆದ ಆತಿಥ್ಯವನ್ನು ನಂದಲಾಲರು ಇಮ್ಮಡಿಯಾಗಿ ಹಿಂದಿರುಗಿಸಿದರು. ಅವರ ಕಾಲದ ಕಲಾಭವನದಲ್ಲಿ ವಿಯೆನ್ನಾದಿಂದ ಬಂದ ಸ್ಟೆಲಾ ಕ್ರಾಮ್‌ರಿಷ್ ಕಲೆಯ ಇತಿಹಾಸವನ್ನು ಬೋಧಿಸಿದರು. ಫ್ರಾನ್ಸಿನ ಆಂದ್ರೆ ಕಾರ್ಪಲೆಸ್ ತೈಲವರ್ಣವನ್ನೂ ಮರದ ಅಚ್ಚಿನ ಕೆತ್ತನೆಯನ್ನೂ ಕಲಿಸಿದರು. ಯುರೋಪಿನ ಶಿಲ್ಪಿಗಳು ಬಂದು ಕೆಲಕಾಲ ನೆಲೆಸಿ ಶಿಲ್ಪವನ್ನು ಹೇಳಿಕೊಟ್ಟರು. ಅದೇ ಅಂಗಳಕ್ಕೆ ಜಯಪುರದ ಗಾರೆಚಿತ್ರದ ಕುಶಲಿ ನರಸಿಂಗಲಾಲ್ ಮಿಸ್ತ್ರಿಯವರನ್ನೂ ನಂದಲಾಲರು ಕರೆಸಿ, ಹಸಿಗಾರೆಯ ಮೇಲೆ ಚಿತ್ರ ಬರೆಯುವ ವಿದ್ಯೆಯನ್ನು ಶಿಷ್ಯರೊಡನೆ ತಾವೂ ಕಲಿತರು. ಪ್ಯಾರಿಸ್ಸಿನ ವಿದುಷಿಗೂ ಜಯಪುರದ ಮೇಸ್ತ್ರಿಗೂ ಅಲ್ಲಿ ಸಮಾನ ಮಣೆ. ಕಲಿಯುವ ವಿಷಯದಲ್ಲಿ ಅವರಿಗೆ ಮೇಲು ಕೀಳುಗಳಿರಲಿಲ್ಲ.

ಶಿಷ್ಯ ವಿನೋದವಿಹಾರಿ ಮುಖರ್ಜಿಯವರು 1937ರಲ್ಲಿ ಜಪಾನಿಗೆ ಹೋಗಿಬಂದರು. ಅದೇ ವರ್ಷ ಶಾಂತಿನಿಕೇತನದಲ್ಲಿ ಚೀನಾಭವನ ತೆರೆಯಿತು. ಅದರ ಗೋಡೆಯ ಮೇಲೆ 1942ರಲ್ಲಿ ನಂದಲಾಲರು ರವೀಂದ್ರರ ನಟೀರ್ ಪೂಜಾ ನಾಟಕದ ದೃಶ್ಯಗಳನ್ನು ಚಿತ್ರಿಸಿದರು. ಚೀನಾದ ಹೆಸರಾಂತ ಚಿತ್ರಕಾರ ಷೂ ಪೇಹಾಂಗ್ ಅವರು 1939-40ರಲ್ಲಿ ಶಾಂತಿನಿಕೇತನದ ಅತಿಥಿಯಾಗಿದ್ದು, ಗಾಂಧೀಜಿ ಮತ್ತು ರವೀಂದ್ರರ ಚಿತ್ರಗಳನ್ನು ಬರೆದರು. ಯುದ್ಧದ ಜ್ವಾಲೆಗೆ ಸಿಕ್ಕಿದ್ದ ದೇಶದಿಂದ ಬಂದ ಕಲಾವಿದನಿಗೆ ಇಲ್ಲಿ ಕುಳಿತು ಬರೆಯಲು ನೆರಳು ದೊರೆಯಿತು. ವಿನೋದವಿಹಾರಿ, ರಾಮಕಿಂಕರ ಬೈಜ್, ಕೆ. ಜಿ. ಸುಬ್ರಹ್ಮಣ್ಯನ್ ಮೊದಲಾದ ಶಿಷ್ಯರಲ್ಲಿ ಒಬ್ಬರ ಕೈ ಇನ್ನೊಬ್ಬರಂತಿಲ್ಲ; ಗುರುವಿನಂತೆಯೂ ಇಲ್ಲ. ಚಲನಚಿತ್ರಲೋಕದಲ್ಲಿ ಕೀರ್ತಿಗಳಿಸಿದ ಸತ್ಯಜಿತ್ ರಾಯ್ ಕೂಡ ಕೆಲಕಾಲ ಈ ಭವನದ ವಿದ್ಯಾರ್ಥಿ. ಆಚಾರ್ಯನ ಹಿರಿಮೆಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ರಾಷ್ಟ್ರಸೇವೆ ಮತ್ತು ಕೊನೆಯ ದಿನಗಳು

1930ರ ದಂಡಿಯಾತ್ರೆಯ ಸಂದರ್ಭದಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯವರನ್ನು ನಂದಲಾಲರು ಕಪ್ಪು ಬಿಳುಪಿನ ಅಚ್ಚುಚಿತ್ರದಲ್ಲಿ ಮೂಡಿಸಿದರು. ಆ ಕೆಲವೇ ಗೆರೆಗಳು ಮಹಾತ್ಮರ ರೂಪವಾಗಿ ದೇಶದ ಕಣ್ಣಿನಲ್ಲಿ ನಿಂತವು. ಗಾಂಧೀಜಿಯವರ ಅಪೇಕ್ಷೆಯಂತೆ ಫೈಜ್‌ಪುರ ಕಾಂಗ್ರೆಸ್ಸಿನ ನಗರವನ್ನು ಬಿದಿರು ಮೊದಲಾದ ಹಳ್ಳಿಯ ಸಾಮಗ್ರಿಗಳಿಂದಲೇ ಅಲಂಕರಿಸಿದರು. 1938ರ ಹರಿಪುರ ಅಧಿವೇಶನಕ್ಕಾಗಿ ಎಂಬತ್ತಕ್ಕೂ ಮಿಕ್ಕಿದ ಫಲಕಗಳನ್ನು ಬರೆದರು. ಕೈಕಾಗದ, ಮಣ್ಣಿನ ಬಣ್ಣಗಳು. ವಿಷಯವೋ ಹಳ್ಳಿಯ ಕಮ್ಮಾರ, ಬಡಗಿ, ಡೋಲು ಬಾರಿಸುವವ, ನೂಲುವ ಹೆಂಗಸು. ಹಾದಿಹೋಕನಿಗೂ ಕಾಣುವಂತೆ ಬಯಲಿನಲ್ಲಿ ಅವನ್ನು ತೂಗುಹಾಕಲಾಗಿತ್ತು. ಬೀಸುಗೈಯ ಆ ರೇಖೆಯಲ್ಲಿ ಬಂಗಾಳದ ಪಟಗಾರರ ವೇಗ, ಅಜಂತೆಯ ಬಾಗು, ಪೂರ್ವದೇಶಗಳ ಕುಂಚದ ಉಸಿರು ಮೂರೂ ಬೆರೆತಿವೆ. ಆದರೆ ಅವುಗಳನ್ನು ಬಿಡಿಸಿ ತೋರಿಸಲು ಬಾರದು. ಹಾಲಿನೊಳಗಣ ತುಪ್ಪವನ್ನು ಬೆರಳಿಟ್ಟು ತೋರಿಸಲಾದೀತೆ?

ಬರೋಡದ ಕೀರ್ತಿಮಂದಿರದ ಭಿತ್ತಿಚಿತ್ರಗಳನ್ನು ಅವರು 1939ರಿಂದ 1946ರವರೆಗೆ ರಚಿಸಿದರು. ಸ್ವತಂತ್ರ ಭಾರತದ ಸಂವಿಧಾನದ ಮೂಲಪ್ರತಿಯನ್ನು ಚಿತ್ರಗಳಿಂದ ಅಲಂಕರಿಸುವ ಹೊಣೆಯನ್ನು ಹೊತ್ತು, ಶಿಷ್ಯರೊಡಗೂಡಿ ಪೂರೈಸಿದರು. 1951ರಲ್ಲಿ ಕಲಾಭವನದ ಅಧಿಕಾರದಿಂದ ನಿವೃತ್ತರಾದರು. 1954ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. 1966ನೆಯ ಏಪ್ರಿಲ್ 16ರಂದು ತುಂಬುಜೀವನವನ್ನು ಮುಗಿಸಿದರು. ಸಹಪಾಠಿ ವೆಂಕಟಪ್ಪನವರು ಅದಕ್ಕೆ ಹಿಂದಿನ ವರ್ಷವಷ್ಟೇ ಬೆಂಗಳೂರಿನಲ್ಲಿ ಕಣ್ಮುಚ್ಚಿದ್ದರು.

ಉಪಸಂಹಾರ

ನಂದಲಾಲರು ಪರದೇಶದಲ್ಲಿ ಕಳೆದ ಕಾಲವನ್ನು ಲೆಕ್ಕ ಹಾಕಿದರೆ ಕೆಲವೇ ತಿಂಗಳುಗಳಾಗುತ್ತವೆ. ಆ ಕೆಲವು ತಿಂಗಳು ಫಲಿಸಿದುದಕ್ಕೆ ಕಾರಣ ಅದರ ಹಿಂದಿದ್ದ ಇಪ್ಪತ್ತು ವರ್ಷಗಳ ಸಿದ್ಧತೆ ಮತ್ತು ಅದರ ಮುಂದಿನ ನಲವತ್ತು ವರ್ಷಗಳ ದುಡಿಮೆ. ಮನೆಯಲ್ಲಿ ಬಂಡವಾಳವಿಲ್ಲದವನು ಸಂತೆಗೆ ಹೋದರೆ ಸಾಲಗಾರನಾಗಿ ಬರುತ್ತಾನೆ. ಬಂಡವಾಳವಿದ್ದವನು ವ್ಯಾಪಾರ ಮಾಡಿ ಬರುತ್ತಾನೆ. ಪರದೇಶದ ವಿದ್ಯೆಗೂ ಇದೇ ನ್ಯಾಯ. ನಮ್ಮದನ್ನು ಅರಿಯದೆ ಹೊರಗಿನದನ್ನು ತಂದರೆ ಅದು ಅನುಕರಣೆ; ಹೊರಗಿನದನ್ನು ಕಾಣದೆ ನಮ್ಮದನ್ನೇ ಹೊಗಳಿದರೆ ಅದು ಕುರುಡು ಅಭಿಮಾನ.

ಶಾಲೆಗಳಲ್ಲಿ ಚಿತ್ರಕಲೆಯ ತರಗತಿಯನ್ನು ಬೇರೆ ವಿಷಯಗಳಿಗೆ ಬಿಟ್ಟುಕೊಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಓದಿನಲ್ಲಿ ಸೋತ ಹುಡುಗನೊಬ್ಬನ ಕೈಯಲ್ಲಿ ಏನಿದೆಯೆಂದು ನೋಡಿದ ಗುರು, 500 ರೂಪಾಯಿ ಕೊಟ್ಟು ಅವನನ್ನು ನಾಡು ನೋಡಲು ಕಳುಹಿದ ಸಂಘ, ಮನೆಯಲ್ಲಿ ಇರಿಸಿಕೊಂಡು ಕಲಿಸಲು ಸಮುದ್ರದಾಚೆಯಿಂದ ಚಿತ್ರಕಾರನನ್ನು ಕರೆಸಿದ ಕವಿ, ಇವರಲ್ಲಿ ಒಬ್ಬರು ಇಲ್ಲದಿದ್ದರೂ ನಂದಲಾಲರ ಬಾಳು ಬೇರೆಯಾಗುತ್ತಿತ್ತು. ಅಧ್ಯಾಪಕರು ಮೊದಲನೆಯದನ್ನೂ, ದಾನಿಗಳು ಎರಡನೆಯದನ್ನೂ, ಹೊರನಾಡು ಹೊರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಮೂರನೆಯದನ್ನೂ ತಮ್ಮ ಕೈಲಾದಷ್ಟು ಮಾಡಿದರೆ, ಗೊಂಬೆ ಮಾಡುವ ತಾಯಂದಿರಿಗೂ ಮಣ್ಣು ಕಲಸುವ ಮಕ್ಕಳಿಗೂ ನಮ್ಮ ನಾಡಿನಲ್ಲಿ ಎಂದೂ ಕೊರತೆಯಿಲ್ಲ.